ದಾದರ್ ಟಿ.ಟಿ.ಯ ಎರಡು ಅಕ್ಷರ

ಕಳೆದ ಶನಿವಾರ ಇಲ್ಲಿಯ ಒಂದು ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗಿ ಬಂದೆ. ಅದರ ಟಿಕೆಟ್ ನನ್ನ ಕೈಗೆಟಕುವಂಥದ್ದಲ್ಲ, ನಮ್ಮ ಕಚೇರಿ ಕಳುಹಿಸುವುದೂ ಹಿರಿಯರಿಬ್ಬರನ್ನು ಮಾತ್ರ. ಆಯೋಜಕರು ಮುಂಬಯಿ ನಗರದ ಬಗ್ಗೆ ರಸಪ್ರಶ್ನೆ ಇಟ್ಟು, ಗೆದ್ದ ಒಬ್ಬರಿಗೆ ಉಚಿತ ಪ್ರವೇಶ ಎಂದು ಘೋಷಿಸಿದ್ದರಿಂದ ನನಗೆ ಆ ಅವಕಾಶ ಸಿಕ್ಕಿತು.

ಮೊದಲ ಪ್ರಶ್ನೆಗಳು ಓದಿಕೊಂಡವರಿಗೆಲ್ಲ ಬರುವಂಥವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ (ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಇರುವ ಜಾಗದ ಹಳೆಯ ಹೆಸರು) ಠಾಣೆಗೆ ಹೊರಟ ರೈಲನ್ನು ಎಳೆದ ಮೂರು ಎಂಜಿನ್‌ಗಳ ಹೆಸರು, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಟಿಫ್ರಾಕ್ ಗಣಕಯಂತ್ರ, 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತಂದುಕೊಟ್ಟ ಸರ್ಕಾರಿ ಕಂಪನಿ, ಹೀಗೆ. ಕೊನೆಗೆ ಉಳಿದ ಮೂವರನ್ನು ವಿಡಿಯೋ ಕರೆಗೆ ಕರೆದು ಒಂದೇ ಪ್ರಶ್ನೆ ಕೇಳಿದರು. ‘ದಾದರ್ ಟಿ.ಟಿ.’ ಎನ್ನುವಾಗಿನ ಟಿ.ಟಿ. ಎಂದರೇನು, ಆ ಹೆಸರಿಗೆ ಕಾರಣವಾದದ್ದು ನಿಂತುಹೋದದ್ದು ಯಾವ ದಿನ? ಟ್ರಾಮ್ ಟರ್ಮಿನಸ್, 1964ರ ಮಾರ್ಚ್ 31 ಎಂದು ನಾನು ಉಸಿರು ತೆಗೆದುಕೊಳ್ಳದೆ ಹೇಳಿದೆ. ಉಳಿದಿಬ್ಬರಲ್ಲಿ ಒಬ್ಬರು ಹುಟ್ಟಿದಂದಿನಿಂದ ದಾದರಿನಲ್ಲೇ ಇದ್ದವರು. ಅವರು ಆ ಎರಡು ಅಕ್ಷರಗಳನ್ನು ದಿನಕ್ಕೆ ಹತ್ತು ಸಲ ಉಚ್ಚರಿಸಿರಬೇಕು.

ಸಮ್ಮೇಳನದ ದಿನ ನೋಂದಣಿಯ ಮೇಜಿನಲ್ಲಿದ್ದ ಹುಡುಗಿ ನನ್ನ ಬಿಲ್ಲೆಯ ಮೇಲಿನ ಹೆಸರನ್ನು ಎರಡು ಸಲ ಓದಿ, ಹಿಂದಿಯಲ್ಲಿ ಕೇಳಿದಳು: “ನೀವು ಇಲ್ಲಿಯವರಲ್ಲ ಅಲ್ಲವೇ? ಮತ್ತೆ ಇದೆಲ್ಲ ಹೇಗೆ ಗೊತ್ತು?” ಅವಳ ದನಿಯಲ್ಲಿ ಕೆಡುಕಿರಲಿಲ್ಲ, ನಿಜವಾದ ಕುತೂಹಲವಿತ್ತು. “ನಮ್ಮ ತಂದೆ ಹೇಳಿದ್ದು” ಎಂದಷ್ಟೇ ಹೇಳಿ ಒಳಗೆ ಹೋದೆ. ಒಳ್ಳೆಯ ಹುಡುಗಿ, ಊಟದ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದು ಕೂಪನ್ ಕೊಟ್ಟಳು. ಆದರೂ ‘ಇಲ್ಲಿಯವರಲ್ಲ ಅಲ್ಲವೇ’ ಎಂಬ ಮಾತು ಈ ವಾರವಿಡೀ ಲೋಕಲ್ ರೈಲಿನಲ್ಲಿ ನಿಂತಾಗಲೆಲ್ಲ ಕಿವಿಯಲ್ಲಿ ಮತ್ತೆ ಕೇಳುತ್ತಿದೆ.

ಅಪ್ಪಯ್ಯ ಕುಂದಾಪುರದ ಕಡೆಯಿಂದ 1961ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಫೋರ್ಟಿನ ಹೋಟೆಲೊಂದಕ್ಕೆ ಮೇಜು ಒರೆಸಲು ಬಂದವರು. ಹಗಲು ಮಾಣಿಯ ಕೆಲಸ, ಸಂಜೆ ಕನ್ನಡದ ರಾತ್ರಿ ಶಾಲೆ, ಮಲಗಲು ಹೋಟೆಲಿನ ಅದೇ ಮೇಜುಗಳು. ರಜೆಯ ದಿನ ಊರಿನ ಹುಡುಗರೆಲ್ಲ ಸೇರಿ ಟ್ರಾಮಿನ ಮಹಡಿ ಹತ್ತಿ ದಾದರಿನವರೆಗೆ ಹೋಗಿ, ಇಳಿಯದೆ ಹಾಗೇ ವಾಪಸು ಬರುತ್ತಿದ್ದರಂತೆ. ಅವರಿಗೆ ಈ ನಗರದ ಪರಿಚಯವಾದದ್ದು ಆ ಕಿಟಕಿಯಿಂದ. ಯಾವ ತಿರುವಿನಲ್ಲಿ ಬೋಗಿ ಎಡಕ್ಕೆ ವಾಲುತ್ತಿತ್ತು, ಎಲ್ಲಿ ಚಾಲಕ ಕಾಲಿನಿಂದ ಗಂಟೆಯನ್ನು ಬಿಡದೆ ಒತ್ತುತ್ತಿದ್ದ ಎಂಬುದನ್ನು ಅವರು ಈಗಲೂ ಅಂಗೈಯನ್ನು ಗಾಳಿಯಲ್ಲಿ ಓರೆಯಾಗಿಸಿ ತೋರಿಸುತ್ತಾರೆ. ಕೊನೆಯ ಟ್ರಾಮ್ ಬೋರಿಬಂದರಿನಿಂದ ಹೊರಟ ರಾತ್ರಿ ಅವರು ತೊಳೆಯದ ಲೋಟಗಳನ್ನು ಹಾಗೇ ಬಿಟ್ಟು ರಸ್ತೆಗೆ ಓಡಿದ್ದರು. ಮರುದಿನ ಮಾಲೀಕರಿಂದ ಬೈಸಿಕೊಂಡದ್ದೂ ಆ ಕತೆಯ ಜೊತೆಗೇ ಬರುತ್ತದೆ. 1874ರಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮ್, 1907ರಲ್ಲಿ ವಿದ್ಯುತ್ತಿನಿಂದ ಓಡತೊಡಗಿದ ಟ್ರಾಮ್ ನನಗೆ ಓದಿ ತಿಳಿದದ್ದು. ಮಾರ್ಚ್ 31 ಮಾತ್ರ ಓದಿದ್ದಲ್ಲ. ಅದು ನಮ್ಮ ಮನೆಯಲ್ಲಿ ಹುಟ್ಟಿದ ದಿನಗಳ ಸಾಲಿನಲ್ಲೇ ನೆನಪಿರುವ ತಾರೀಖು. ಹಾಗಿರುವಾಗ ಇಲ್ಲಿಯವರು ಎಂದರೆ ಇನ್ಯಾರು?

ಮಧ್ಯಾಹ್ನ ನಾನು ಕಾದು ಕುಳಿತಿದ್ದ ಉಪನ್ಯಾಸ ವಿಳಾಸಗಳ ಬಗ್ಗೆ ಇತ್ತು. ಪಾರ್ಸೆಲ್ ತಲುಪಿಸುವ ತಂತ್ರಾಂಶವನ್ನು ಪರೀಕ್ಷಿಸುವುದೇ ನನ್ನ ಕೆಲಸವಾದ್ದರಿಂದ ಪ್ರತಿ ಮಾತನ್ನೂ ಬರೆದುಕೊಂಡೆ. ಭಾಷಣಕಾರರು ವಿಷಯ ಬಲ್ಲವರು, ತಿಳಿಯುವಂತೆ ಹೇಳಿದರು. ಆದರೆ ಜನ ಈಗ ಇಲ್ಲದ ವಸ್ತುಗಳ ಹೆಸರಿನಲ್ಲಿ ವಿಳಾಸ ಬರೆಯುತ್ತಾರೆ, ಅದು ಗಲೀಜು ದತ್ತಾಂಶ, ಮೊದಲು ಅದನ್ನು ತೊಳೆದು ಅಧಿಕೃತ ಹೆಸರು ಹಾಕಬೇಕು ಎಂದು ಅವರು ಹೇಳಿದಾಗ ನನಗೆ ಒಪ್ಪಿಗೆಯಾಗಲಿಲ್ಲ. ದಾದರ್ ಟಿ.ಟಿ.ಗೆ ಖೋದಾದಾದ್ ಸರ್ಕಲ್ ಎಂಬ ಹೆಸರಿದೆ. ಆ ಹೆಸರು ಹೇಳಿ ಟ್ಯಾಕ್ಸಿ ಹತ್ತಿದವರನ್ನು ನಾನು ಕಂಡದ್ದು ಕಡಿಮೆ. ಟ್ರಾಮ್ ನಿಂತು ಅರವತ್ತು ವರ್ಷ ದಾಟಿದರೂ ಆ ಎರಡು ಅಕ್ಷರ ಹೇಳಿದವರು ತಪ್ಪು ಜಾಗದಲ್ಲಿ ಇಳಿಯುವುದಿಲ್ಲ. ಕೆಲಸ ಮಾಡುತ್ತಿರುವ ಹೆಸರನ್ನು ಗಲೀಜು ಎನ್ನುವುದು ಹೇಗೆ? ಫ್ಲೋರಾ ಫೌಂಟನ್ ಬಳಿ ಅಗೆದಾಗ ಹಳೆಯ ಟ್ರಾಮಿನ ಹಳಿಗಳು ಸಿಕ್ಕಿದ್ದವು. ನೆಲದೊಳಗಿನ ಆ ಕಬ್ಬಿಣವನ್ನು ಪರಂಪರೆ ಎಂದು ಉಳಿಸಿಕೊಳ್ಳಬಹುದಾದರೆ ಜನರ ಬಾಯಲ್ಲಿರುವುದನ್ನು ಅಳಿಸಲು ಯಾಕೆ ಅವಸರ? ಪ್ರಶ್ನೋತ್ತರಕ್ಕೆ ಕೈ ಎತ್ತಿದ್ದೆ, ಸಮಯ ಮುಗಿದಿತ್ತು.

ರಾತ್ರಿ ಡೊಂಬಿವಿಲಿಯ ಮನೆಗೆ ಬಂದು ಅಪ್ಪಯ್ಯನಿಗೆ ಎಲ್ಲವನ್ನೂ ಹೇಳಿದೆ. ಅವರು ಬಿಲ್ಲೆಯನ್ನು ದೀಪದ ಕೆಳಗೆ ಹಿಡಿದು ನೋಡಿ, “ಗಂಟೆ ಬಗ್ಗೆ ಎಂತದೂ ಕೇಳ್ಲಿಲ್ವಾ ಮಗಾ?” ಎಂದರು. ಆ ಹುಡುಗಿಯ ಮಾತನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ಹಾಗೇ ಕೇಳ್ತಿದ್ರು, ಚಾ ಕೊಡುವಾಗ” ಎಂದರು. ಅವರು ಏನು ಉತ್ತರ ಕೊಡುತ್ತಿದ್ದರೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಸೋಮವಾರ ಕಚೇರಿಯಲ್ಲಿ ನಮ್ಮ ಪರೀಕ್ಷಾ ಪಟ್ಟಿಯನ್ನು ತೆರೆದು ನೋಡಿದೆ. ‘ತಪ್ಪು ವಿಳಾಸ’ ಎಂದು ಗುರುತು ಹಾಕಿದ್ದ ಸಾಲುಗಳಲ್ಲಿ ದಾದರ್ ಟಿ.ಟಿ. ಇತ್ತು, ಬೋರಿಬಂದರ್ ಇತ್ತು. ಎರಡರ ಗುರುತನ್ನೂ ತೆಗೆದು, ಇವು ಸರಿಯಾದ ಹೆಸರುಗಳು, ಜನ ಇವುಗಳಿಂದಲೇ ಜಾಗ ತಲುಪುತ್ತಾರೆ ಎಂದು ಪಕ್ಕದಲ್ಲಿ ಬರೆದೆ. ಇದರ ಬಗ್ಗೆ ಮಾತಾಡಬೇಕೆಂದು ಮೇಲಿನವರು ಶುಕ್ರವಾರ ಹನ್ನೊಂದಕ್ಕೆ ಕರೆದಿದ್ದಾರೆ.