ಗಲ್ಲಾದ ಹಿಂದೆ ಕೂತ ಲಿಂಕನ್

ನ್ಯೂ ಸೇಲಂನ ಆ ಮರದ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅಪ್ಪ ಹುಡುಕಿದ್ದು ಗಲ್ಲಾ ಎಲ್ಲಿದೆ ಅಂತ. ತಿಪಟೂರಿನಲ್ಲಿ ಜೀವಮಾನವಿಡೀ ದಿನಸಿ ಅಂಗಡಿ ನಡೆಸಿದವರು ಅವರು. ಶಿಕಾಗೋದ ಎತ್ತರದ ಕಟ್ಟಡಗಳನ್ನು ತೋರಿಸಿದಾಗ "ಚೆನ್ನಾಗಿದೆ" ಅಂದು ಸುಮ್ಮನಾಗಿದ್ದರು. ಇಲ್ಲಿ ಮಾತ್ರ ಕಪಾಟು, ಪೀಪಾಯಿ ಒಂದನ್ನೂ ಬಿಡದೆ ನೋಡಿದರು.

"ಲಿಂಕನ್ ಅಂಗಡಿ ಇಟ್ಟಿದ್ನಾ?"

"ಹೂಂ ಅಪ್ಪಾ. ವಕೀಲ ಆಗೋಕೆ ಮುಂಚೆ."

ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಿಂದ ಸುಮಾರು 20 ಮೈಲಿ ದೂರದಲ್ಲಿದೆ ಈ ಹಳ್ಳಿ. ಈಗ ಕಾಣುವ ಮನೆಗಳಲ್ಲಿ ಹೆಚ್ಚಿನವು 1930ರ ದಶಕದಲ್ಲಿ ಮತ್ತೆ ಕಟ್ಟಿದವು. ಹಳೆಯ ಊರು 1840ರ ಹೊತ್ತಿಗೇ ಖಾಲಿಯಾಗಿತ್ತು. ಲಿಂಕನ್ ಇಲ್ಲಿಗೆ ಬಂದದ್ದು 1831ರಲ್ಲಿ, 22ರ ಹರೆಯದಲ್ಲಿ. ಅವನು ಸಾಗಿಸುತ್ತಿದ್ದ ದೋಣಿ ಸ್ಯಾಂಗಮನ್ ನದಿಯಲ್ಲಿ, ಇಲ್ಲಿನ ಗಿರಣಿಯ ಒಡ್ಡಿಗೆ ಸಿಕ್ಕಿಹಾಕಿಕೊಂಡಿತ್ತು. (ಆಳವಿಲ್ಲದ ನೀರಲ್ಲಿ ದೋಣಿಯನ್ನು ಎತ್ತುವ ಉಪಾಯಕ್ಕೆ 1849ರಲ್ಲಿ ಅವನು ಪೇಟೆಂಟ್ ಕೂಡ ಪಡೆದ. ಆ ದಿನ ಮರೆತಿರಲಿಲ್ಲ ಅನ್ನಿಸುತ್ತದೆ.) ಮೊದಲು ಬೇರೆಯವರ ಅಂಗಡಿಯಲ್ಲಿ ಕೆಲಸ. 1832ರಲ್ಲಿ ಶಾಸನಸಭೆಗೆ ನಿಂತು ಸೋತ. ಆದರೆ ನ್ಯೂ ಸೇಲಂ ಭಾಗದ 300 ಮತಗಳಲ್ಲಿ 277 ಅವನಿಗೇ ಬಿದ್ದವು.

"ಗಿರಾಕಿಗಳೇ ಹಾಕಿರ್ತಾರೆ" ಅಂದರು ಅಪ್ಪ. ಅಂಗಡಿಯಲ್ಲಿ ಕೂತು ಮಾತಾಡುವವನನ್ನು ಊರಿಗೆಲ್ಲ ಗೊತ್ತಿರುತ್ತದೆ ಅನ್ನುವುದು ಅವರ ಲೆಕ್ಕ. ತಪ್ಪೇನಲ್ಲ.

ಆಮೇಲೆ ವಿಲಿಯಂ ಬೆರಿ ಅನ್ನುವವನ ಜೊತೆ ಸೇರಿ ಸ್ವಂತ ಅಂಗಡಿ. ಕೈಯಲ್ಲಿ ಕಾಸಿಲ್ಲ. ಸಾಲದ ಪತ್ರ ಬರೆದುಕೊಟ್ಟು ಒಬ್ಬರ ಪಾಲು ಕೊಂಡರು. ಇನ್ನೊಬ್ಬರ ಅಂಗಡಿಯ ಮಾಲನ್ನೂ ಹಾಗೇ ಎತ್ತಿಕೊಂಡರು. ಊರಿದ್ದದ್ದೇ ಬೆರಳೆಣಿಕೆಯ ಮನೆಗಳದ್ದು. ಬೆರಿಗೆ ಕುಡಿತ, ಇವನಿಗೆ ಪುಸ್ತಕ ಅಂತ ಊರವರು ಹೇಳಿಕೊಂಡು ಬಂದಿದ್ದಾರೆ. ಅಂಗಡಿ ಮುಚ್ಚಿತು.

ಇದನ್ನು ಹೇಳುವಾಗ ಅಪ್ಪನ ಮುಖ ಗಂಭೀರವಾಯಿತು. "ಮಾಲೂ ಸಾಲದ್ದು, ಅಂಗಡೀನೂ ಸಾಲದ್ದು. ಅಸಲು ಎಲ್ಲಿಂದ ತೀರ್ಬೇಕು? ಪಾಲುದಾರ ಏನಾದ?"

"1835ರಲ್ಲಿ ಸತ್ತ. ಅವನ ಪಾಲಿನ ಸಾಲವೂ ಇವನ ತಲೆಗೇ ಬಂತು."

ಒಟ್ಟು ಸುಮಾರು 1,100 ಡಾಲರ್. ಆ ಕಾಲಕ್ಕೆ ಒಬ್ಬ ಬಡ ಹುಡುಗನಿಗೆ ಅದು ಬೆಟ್ಟ. ಅದನ್ನು ತಮಾಷೆಗೆ 'ರಾಷ್ಟ್ರೀಯ ಸಾಲ' ಅಂತ ಕರೆಯುತ್ತಿದ್ದನಂತೆ. ಅಂಚೆ ಮಾಸ್ತರನ ಕೆಲಸ ಹಿಡಿದ, ಕಾಗದಗಳನ್ನು ಟೋಪಿಯೊಳಗೆ ಇಟ್ಟುಕೊಂಡು ಹಂಚಿದ. ಜಮೀನು ಅಳೆಯುವ ಸರ್ವೆ ಕೆಲಸ ಕಲಿತ. ಅಷ್ಟರಲ್ಲಿ ಸಾಲ ಕೊಟ್ಟವನೊಬ್ಬ ಕೋರ್ಟಿಗೆ ಹೋಗಿ ಅವನ ಕುದುರೆಯನ್ನೂ ಸರ್ವೆ ಸಾಮಾನನ್ನೂ ಹರಾಜಿಗೆ ಹಾಕಿಸಿದ. ಜೇಮ್ಸ್ ಶಾರ್ಟ್ ಅನ್ನುವ ರೈತ ಹರಾಜಿನಲ್ಲಿ ಕೂಗಿ ಅವನ್ನು ಕೊಂಡು, ವಾಪಸ್ ಇವನಿಗೇ ಕೊಟ್ಟ. ಅಪ್ಪ ಇದನ್ನು ಎರಡು ಸಲ ಹೇಳಿಸಿದರು. ಸಾಲ ತೀರಿಸದೆ ರಾತ್ರೋರಾತ್ರಿ ಊರು ಬಿಡುವವರು ಆಗ ಅಲ್ಲಿ ಬೇಕಾದಷ್ಟಿದ್ದರು. ಇವನು ವರ್ಷಗಟ್ಟಲೆ ತೀರಿಸುತ್ತಲೇ ಹೋದ. ಗುಲಾಮರ ಬಿಡುಗಡೆಯ ಲಿಂಕನ್ ಪಾಠದಲ್ಲಿ ಇರುತ್ತಾನೆ, ಈ ಲಿಂಕನ್ ಯಾಕೋ ಇರುವುದಿಲ್ಲ.

1834ರಲ್ಲಿ ಚುನಾವಣೆ ಗೆದ್ದ. ಸಭೆಗೆ ಹೋಗಲು ಬಟ್ಟೆಗೂ ಸಾಲವೇ. 1836ರಲ್ಲಿ ವಕೀಲಿ ಸನ್ನದು ಸಿಕ್ಕಿತು, 1837ರಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದ. ಹಾಸಿಗೆ ಸಾಮಾನಿಗೆ 17 ಡಾಲರ್ ಆಗುತ್ತದೆ ಅಂದಾಗ ಕೊಡಲು ಇರಲಿಲ್ಲ. ಅಂಗಡಿಯ ಜೋಶುವಾ ಸ್ಪೀಡ್ ಮಹಡಿಯ ಮೇಲೆ ತನ್ನ ಜೊತೆಗೇ ಇರು ಅಂದ.

"ಕೊನೆಗೂ ಕೈ ಹಿಡಿದವನು ಅಂಗಡಿಯವನೇ ನೋಡಮ್ಮ" ಅಂದರು ಅಪ್ಪ, ಕಾರಿನಲ್ಲಿ.

ಮಧ್ಯಾಹ್ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವನ ಮನೆ ನೋಡಿದೆವು. 1844ರಲ್ಲಿ ಕೊಂಡದ್ದು. ಅವನಿಗೆ ಅಂತ ಸ್ವಂತ ಮನೆ ಇದ್ದದ್ದು ಇದೊಂದೇ. ಮೆಟ್ಟಿಲು ಹತ್ತಿ ಸುಸ್ತಾದ ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇಲಿನಾಯ್ ಸೆಂಟ್ರಲ್ ರೈಲ್ವೆಯ ಕಥೆ ಹೇಳಿದೆ. ತೆರಿಗೆಯ ದೊಡ್ಡ ಕೇಸು ಗೆದ್ದುಕೊಟ್ಟ ಮೇಲೆ ಲಿಂಕನ್ 5,000 ಡಾಲರ್ ಫೀಸು ಕೇಳಿದ. ಕಂಪನಿ ಕೊಡಲಿಲ್ಲ. 1857ರಲ್ಲಿ ಅದರ ಮೇಲೇ ದಾವೆ ಹೂಡಿ ವಸೂಲಿ ಮಾಡಿದ.

"ಭೇಷ್! ಬಾಕಿ ಬಿಡಬಾರದು. ಪೂರ್ತಿ ಇವನಿಗೇ ಬಂತಾ?"

"ಇಲ್ಲ, ಅರ್ಧ ಹರ್ಂಡನ್‌ಗೆ ಕೊಟ್ಟ. ವಕೀಲಿ ಆಫೀಸಿನ ಪಾಲುದಾರ."

"ಮತ್ತೆ ಪಾಲುದಾರನಾ!" ಅಪ್ಪ ಜೋರಾಗಿ ನಕ್ಕರು. "ಅಷ್ಟು ಅನುಭವಿಸಿದ್ರೂ ಬುದ್ಧಿ ಬರ್ಲಿಲ್ವಲ್ಲಮ್ಮ ಇವನಿಗೆ."