ಗಾಜಿಲ್ಲದ ಅರ್ಧ ಗಂಟೆ

ಎಂಎಸ್ಸಿ ಎರಡನೇ ವರ್ಷದ ಲ್ಯಾಬು. ನನಗೂ ಪಾರ್ಟ್ನರ್‌ಗೂ ಅವತ್ತು ಬಂದಿದ್ದು ಫ್ಯಾರಡೆ ಎಫೆಕ್ಟ್, ಅಂದರೆ ಬೆಳಕಿಗೆ ಅಯಸ್ಕಾಂತ ಏನು ಮಾಡುತ್ತದೆ ಅಂತ ನೋಡುವ ಪ್ರಯೋಗ. ಒಂದು ಕೆಂಪು ಲೇಸರ್, ಎರಡು ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ), ಅವುಗಳ ನಡುವೆ ತಾಮ್ರದ ತಂತಿ ಸುತ್ತಿದ ಕಾಯಿಲ್, ಅದರೊಳಗೆ 10 ಸೆಂಟಿಮೀಟರ್ ಉದ್ದದ ಫ್ಲಿಂಟ್ ಗಾಜಿನ ಕಡ್ಡಿ. ಸಾಮಾನು ಇಷ್ಟೇ.

ಕರೆಂಟ್ ಕೊಟ್ಟರೆ ಕಾಯಿಲ್ ಅಯಸ್ಕಾಂತವಾಗಿ, ಗೋಡೆ ಮೇಲಿನ ಕೆಂಪು ಚುಕ್ಕೆ ಪಕ್ಕಕ್ಕೆ ಸರಿಯುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ. ಚಿಕ್ಕವನಿದ್ದಾಗ ಹಳೇ ಟಿವಿ ಪರದೆಗೆ ಅಯಸ್ಕಾಂತ ಹಿಡಿದು, ಬಣ್ಣ ಕೆಡಿಸಿ, ಅಪ್ಪನಿಂದ ಬೈಸಿಕೊಂಡಿದ್ದೆನಲ್ಲ! ಚುಕ್ಕೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಟಿವಿಯೊಳಗೆ ಓಡುತ್ತಿದ್ದದ್ದು ಎಲೆಕ್ಟ್ರಾನು. ಅದಕ್ಕೆ ಚಾರ್ಜ್ ಇದೆ. ಬೆಳಕಿಗೆ ಚಾರ್ಜೇ ಇಲ್ಲ, ಅಯಸ್ಕಾಂತ ಹಿಡಿದೆಳೆಯುವುದು ಯಾವುದನ್ನು?

"ಚುಕ್ಕೆ ನೋಡಬೇಡಿ, ಕತ್ತಲೆ ನೋಡಿ" ಅಂದರು ಮೇಡಂ.

ಎರಡನೇ ಪೋಲರಾಯ್ಡನ್ನು ತಿರುಗಿಸುತ್ತಾ ಹೋದರೆ ಒಂದು ಕಡೆ ಚುಕ್ಕೆ ಆರಿಹೋಗುತ್ತದೆ. ಆಮೇಲೆ ಕರೆಂಟ್ ಹಾಕಬೇಕು. ಹಾಕಿದೆವು. ಕತ್ತಲೆ ಕತ್ತಲೆಯಾಗಿಯೇ ಇತ್ತು. 1 ಆಂಪಿಯರ್, 2, 3. ಏನೂ ಇಲ್ಲ. ಫ್ಯೂಸ್ ನೋಡಿದೆವು, ವೈರ್ ಬದಲಾಯಿಸಿದೆವು. ಕಾಯಿಲ್ ಬೆಚ್ಚಗಾಗಿತ್ತು, ಅಂದರೆ ಕರೆಂಟ್ ಹರಿಯುತ್ತಿತ್ತು. ಅರ್ಧ ಗಂಟೆ ರೆಕಾರ್ಡ್ ಬುಕ್‌ನಲ್ಲಿ ಸಾಲಾಗಿ ಸೊನ್ನೆ ಬರೆದೆ. ಕೊನೆಗೆ ಪಾರ್ಟ್ನರ್ ಮೆತ್ತಗೆ ಜೇಬಿನಿಂದ ಕರ್ಚೀಫು ತೆಗೆದ. ಅದರೊಳಗೆ ಗಾಜಿನ ಕಡ್ಡಿ! ಧೂಳು ಒರೆಸಲು ತೆಗೆದವನು ವಾಪಸ್ ಇಡಲು ಮರೆತಿದ್ದ.

ಕಡ್ಡಿ ಇಟ್ಟು 3 ಆಂಪಿಯರ್ ಕೊಟ್ಟದ್ದೇ ತಡ, ಕತ್ತಲೆಯಲ್ಲಿ ಮಂಕಾಗಿ ಒಂದು ಕೆಂಪು ಚುಕ್ಕೆ ಮೂಡಿತು. ಗಾಜಿನೊಳಗೆ ಬೆಳಕು ನೇರವಾಗಿಯೇ ಹೋಗುತ್ತದೆ, ಅದರ ಕಂಪನದ ದಿಕ್ಕು ಮಾತ್ರ ತಿರುಗುತ್ತದೆ. ನಮಗೆ ಸಿಕ್ಕಿದ್ದು ಸುಮಾರು 4 ಡಿಗ್ರಿ. ಅಯಸ್ಕಾಂತ ಕಾಡಿದ್ದು ಗಾಜಿನ ಎಲೆಕ್ಟ್ರಾನುಗಳನ್ನು. ಬೆಳಕಿಗೆ ತಟ್ಟಿದ್ದು ಅವುಗಳ ಮೂಲಕ.

1845ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದೂ ಇದನ್ನೇ. ಅವನದು ಎಣ್ಣೆ ದೀಪ. ಅಯಸ್ಕಾಂತಕ್ಕೆ ಕರೆಂಟ್ ಕೊಟ್ಟಾಗ ಕಾಣದಿದ್ದ ದೀಪದ ಜ್ವಾಲೆ ಕಂಡಿತು. ಅವತ್ತು ಬೇರೆ ಗಾಜುಗಳೆಲ್ಲ ಕೈಕೊಟ್ಟ ಮೇಲೆ ಒದಗಿದ್ದು, ವರ್ಷಗಳ ಹಿಂದೆ ದೂರದರ್ಶಕಕ್ಕೆಂದು ಅವನೇ ಕಾಯಿಸಿ ಮಾಡಿಟ್ಟಿದ್ದ ಸೀಸದ ಗಾಜು. ವಿದ್ಯುತ್ ಕ್ಷೇತ್ರ ಬೆಳಕಿಗೆ ಏನಾದರೂ ಮಾಡುತ್ತದೆಯೇ ಅಂತಲೂ ಹುಡುಕಿದ್ದ, ಸಿಕ್ಕಿರಲಿಲ್ಲ. ಆ ಪರಿಣಾಮವನ್ನು 1875ರಲ್ಲಿ ಜಾನ್ ಕೆರ್ ಎಂಬ ವಿಜ್ಞಾನಿ ಕಂಡ.

ಸಂಜೆ ಒಂದು ಕಾಫಿ ಬೆಟ್ ಕಟ್ಟಿದೆವು. ಕೊನೆಯಲ್ಲಿ ಕನ್ನಡಿ ಇಟ್ಟು ಬೆಳಕನ್ನು ಅದೇ ಗಾಜಿನಲ್ಲಿ ವಾಪಸ್ ಕಳಿಸಿದರೆ ಏನಾಗುತ್ತೆ? ಸಕ್ಕರೆ ನೀರೂ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆ, ಆದರೆ ಅಲ್ಲಿ ಹೋಗುವಾಗ ತಿರುಗಿದ್ದು ಬರುವಾಗ ಬಿಚ್ಚಿಕೊಳ್ಳುತ್ತದೆ. ಇಲ್ಲೂ ಸೊನ್ನೆ ಅಂದೆ ನಾನು. ಕನ್ನಡಿ ಸ್ವಲ್ಪ ವಾರೆ ಇಟ್ಟು ನೋಡಿದರೆ ಬಂದಿದ್ದು ಹತ್ತಿರತ್ತಿರ 8 ಡಿಗ್ರಿ! ಕಾಯಿಲ್‌ನ ಕ್ಷೇತ್ರದ ದಿಕ್ಕು ಬದಲಾಗಿಲ್ಲವಲ್ಲ, ಬರುವಾಗಲೂ ಅದೇ ಕಡೆಗೆ ತಿರುಗಿಸಿತು. ಲೇಸರ್‌ಗೆ ತನ್ನದೇ ಬೆಳಕು ಮರಳಿ ಬಡಿಯದಂತೆ ತಡೆಯುವ ಐಸೊಲೇಟರ್ ನಡೆಯುವುದು ಇದೇ ಗುಣದಿಂದಂತೆ.

ಕಾಫಿ ದುಡ್ಡು ನಾನೇ ಕೊಟ್ಟೆ. ಸೊನ್ನೆಗಳ ಪುಟ ಹರಿಯಲು ಹೋದಾಗ ಮೇಡಂ ತಡೆದು, ಮೇಲೆ ಕೆಂಪು ಪೆನ್ನಲ್ಲಿ ಬರೆದರು: "ಗಾಜಿಲ್ಲದೆ ತೆಗೆದ ರೀಡಿಂಗ್. ಸರಿಯಾಗಿದೆ."