ಅಮ್ಮನ ಎಡಗೈಗೊಂದು ಪಿಯಾನೋ

ಅಮ್ಮ ಸ್ಕೂಲಿನಿಂದ ರಿಟೈರ್ ಆಗಿ ಮೂರು ವರ್ಷವಾಗಿತ್ತು. ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, "ನಾನು ಪಿಯಾನೋ ಕಲೀತೀನಿ ಕಣೇ" ಅಂದಳು. ಅವಳಿಗೆ ಆಗ 63.

ಅಮ್ಮನಿಗೆ ಹಾರ್ಮೋನಿಯಂ ಚೆನ್ನಾಗಿ ಬರುತ್ತೆ. ತಾತ ಭಜನೆಗೆ ನುಡಿಸುತ್ತಿದ್ದ ಪೆಟ್ಟಿಗೆಯಲ್ಲೇ ಕಲಿತವಳು. ಸ್ಕೂಲಿನ ಪ್ರಾರ್ಥನೆಗೂ ಎಷ್ಟೋ ವರ್ಷ ನುಡಿಸಿದ್ದಾಳೆ. ಹಾಗಾಗಿ ಪಿಯಾನೋ ಅಂದರೆ ದೊಡ್ಡ ಹಾರ್ಮೋನಿಯಂ ಇದ್ದ ಹಾಗೆ, ಸುಲಭವಾಗಿ ಬಂದುಬಿಡುತ್ತೆ ಅಂತ ನಾನು ಅಂದುಕೊಂಡಿದ್ದೆ. ಮನೆಯಲ್ಲಿ ಅಣ್ಣನ ಮಗ ಬಿಟ್ಟುಹೋದ 61 ಕೀಗಳ ಕೀಬೋರ್ಡ್ ಬೇರೆ ಇತ್ತು. ಕಲಿಯೋಕೆ ಅಷ್ಟು ಸಾಕಲ್ವಾ?

ಸಾಲದು ಅಂತ ಮೊದಲ ಪಾಠದಲ್ಲೇ ಗೊತ್ತಾಯಿತು. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಎರಡು ಬೀದಿ ಆಚೆ ಪಿಯಾನೋ ಹೇಳಿಕೊಡುವ ಟೀಚರ್ ಒಬ್ಬರಿದ್ದಾರೆ, ನನಗಿಂತ ಚಿಕ್ಕವರು. ಅವರ ಮನೆಯಲ್ಲಿ ಮರದ ಹಳೇ ಪಿಯಾನೋ ಇದೆ. "ಒಂದು ಕೀ ಒತ್ತಿ ಆಂಟಿ" ಅಂದರು. ಅಮ್ಮ ಹಾರ್ಮೋನಿಯಂ ಒತ್ತುವ ಹಾಗೆ ಮೆಲ್ಲಗೆ ಒತ್ತಿದಳು. ಕೀ ಕೆಳಗೆ ಹೋಯಿತು, ಸದ್ದೇ ಬರಲಿಲ್ಲ. ಗಾಬರಿಯಾಗಿ ಟೀಚರ್ ಮುಖ ನೋಡಿದಳು.

ಹಾರ್ಮೋನಿಯಂನಲ್ಲಿ ಕೀ ಒತ್ತಿದರೆ ಗಾಳಿಗೆ ದಾರಿ ತೆರೆಯುತ್ತೆ ಅಷ್ಟೇ. ಸದ್ದು ಜೋರೋ ಮೆತ್ತಗೋ ಅನ್ನುವುದು ತಿದಿ ಒತ್ತುವ ಎಡಗೈಯಲ್ಲಿದೆ. ಪಿಯಾನೋದಲ್ಲಿ ಹಾಗಲ್ಲ. ಕೀ ಒತ್ತಿದಾಗ ಒಳಗೊಂದು ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತೆ. ತೀರಾ ನಿಧಾನವಾಗಿ ಒತ್ತಿದರೆ ಅದು ತಂತಿಯನ್ನು ಮುಟ್ಟುವುದೇ ಇಲ್ಲ. ಜೋರು, ಮೆತ್ತಗೆ ಎಲ್ಲವೂ ಬೆರಳಿನಲ್ಲೇ ಇದೆ. ನಮ್ಮ ಮನೆಯ ಕೀಬೋರ್ಡಿನ ಕೀಗಳೋ, ಹಗುರವಾದ ಪ್ಲಾಸ್ಟಿಕ್. ಹೇಗೆ ಒತ್ತಿದರೂ ಒಂದೇ ಸದ್ದು. ಅದರಲ್ಲಿ ಬೆರಳು ಕಲಿಯುವುದಕ್ಕೆ ಏನೂ ಇಲ್ಲ.

"88 ಕೀ ಇರಲಿ, ವೆಯ್ಟೆಡ್ ಇರಲಿ. ಉಳಿದದ್ದು ಹೇಗಿದ್ದರೂ ನಡೆಯುತ್ತೆ" ಅಂದರು ಟೀಚರ್. ವೆಯ್ಟೆಡ್ ಅಂದರೆ ಕೀ ಒತ್ತುವಾಗ ಆ ಸುತ್ತಿಗೆಯ ಭಾರ ಬೆರಳಿಗೆ ತಿಳಿಯುವ ಹಾಗೆ ಮಾಡಿರುವುದು. ನೂರಾರು ವಾದ್ಯಗಳ ಸದ್ದು, ಬಣ್ಣದ ದೀಪ, ತಾನೇ ತಾಳ ಹಾಕುವ ಬಟನ್, ಇವಕ್ಕೆಲ್ಲ ಕೊಡುವ ದುಡ್ಡು ಕೀಗಳಿಗೆ ಹೋಗಲಿ ಅನ್ನುವುದು ಅವರ ಮಾತು. ಈಗ ಯಾರು ಕೇಳಿದರೂ ನಾನೂ ಇದನ್ನೇ ಹೇಳುತ್ತೇನೆ.

ನೆಂಟರಲ್ಲಿ ಒಂದಿಬ್ಬರು "ಈ ವಯಸ್ಸಲ್ಲಿ ನಮ್ಮದಲ್ಲದ ವಾದ್ಯ ಯಾಕೆ?" ಅಂದಿದ್ದರು. ಅಮ್ಮ ಅದನ್ನು ಟೀಚರ್ ಹತ್ತಿರ ಹೇಳಿಕೊಂಡಳು. ಅದಕ್ಕೆ ಅವರು ಜಯಚಾಮರಾಜ ಒಡೆಯರ ವಿಷಯ ಹೇಳಿದರು. ಒಡೆಯರು ಸ್ವತಃ ಪಿಯಾನೋ ಕಲಿತವರು. ರಷ್ಯಾದ ಸಂಗೀತ ರಚನೆಕಾರ ನಿಕೊಲಾಯ್ ಮೆಡ್ಟ್ನರ್ ಕೊನೆಗಾಲದಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಸಂಗೀತ ರೆಕಾರ್ಡ್ ಆಗಲಿ ಅಂತ ಹಣ ಕೊಟ್ಟವರು. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು, ಅಂದರೆ ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿಯನ್ನು, ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಅಮ್ಮ ಮನೆಗೆ ಬಂದವಳೇ ಚಿಕ್ಕಮ್ಮನಿಗೆ ಫೋನ್ ಮಾಡಿ, "ನೋಡು, ನಮ್ಮೂರಿನದೇ ವಾದ್ಯ" ಅಂದಳು.

ಇನ್ನು ದುಡ್ಡಿನ ಮಾತು. ಅಮ್ಮ ತನ್ನ ಪೆನ್ಷನ್ನಿನಿಂದ 30 ಸಾವಿರ ಎತ್ತಿಟ್ಟಿದ್ದಳು. ಅದರ ಮೇಲೆ ನನ್ನ ಹತ್ತಿರ ಒಂದು ರೂಪಾಯಿಯೂ ತೆಗೆದುಕೊಳ್ಳಲು ತಯಾರಿರಲಿಲ್ಲ. ಅಂಗಡಿಗಳಲ್ಲಿ ಯಮಹಾ ಪಿ-145, ಕ್ಯಾಸಿಯೋ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10 ಅನ್ನುವ ಡಿಜಿಟಲ್ ಪಿಯಾನೋಗಳನ್ನು ನೋಡಿದೆವು. ಮೂರಕ್ಕೂ 88 ವೆಯ್ಟೆಡ್ ಕೀಗಳಿವೆ, ಹೊಸಬರಿಗೆ ಮೂರೂ ಒಳ್ಳೆಯವೇ. ಕ್ಯಾಸಿಯೋ ಆರು ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುತ್ತೆ, ಕರೆಂಟ್ ಹೋಗುವ ಊರಿನವರು ಅದನ್ನು ನೋಡಬಹುದು. ಕೀಗಳ ಮಟ್ಟಿಗೆ ನನಗೆ ಹಿಡಿಸಿದ್ದು ರೋಲ್ಯಾಂಡ್. ಆದರೆ ಅಮ್ಮನ ಬೆರಳಿನ ಗಂಟುಗಳು ನೋಯುತ್ತವೆ, ಅವಳಿಗೆ ಅದು ಭಾರ ಅನ್ನಿಸಿತು. ಮೂರರ ಬೆಲೆಯೂ 30 ಸಾವಿರ ದಾಟಿತ್ತು. ಸರಿ, ಸೆಕೆಂಡ್ ಹ್ಯಾಂಡ್ ಹುಡುಕೋಣ ಅಂತ ತೀರ್ಮಾನವಾಯಿತು.

ಒಂದು ಶನಿವಾರ ಬೆಂಗಳೂರಿಗೆ ಹೊರಟೆವು. ನೋಡಬೇಕಾದದ್ದು ಎರಡು. ಹೊರಡುವ ಮುಂಚೆ ಟೀಚರ್ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. "ಹಾಡು ನುಡಿಸಿ ನೋಡಬೇಡಿ. ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಕೀ, ಆದಷ್ಟು ಮೆತ್ತಗೆ ಒತ್ತುತ್ತಾ ಹೋಗಿ. ಕಪ್ಪು ಕೀ ಒಂದನ್ನೂ ಬಿಡಬೇಡಿ."

ಮೊದಲನೆಯದು ಎಚ್‌ಎಸ್‌ಆರ್ ಲೇಔಟಿನಲ್ಲಿ. ನೋಡೋಕೆ ಹೊಸದರ ಹಾಗೇ ಇತ್ತು, ಒಂದು ಗೀರೂ ಇಲ್ಲ. 24 ಸಾವಿರ ಹೇಳಿದರು. ನನಗೆ ಅಲ್ಲೇ ದುಡ್ಡು ಕೊಟ್ಟುಬಿಡೋಣ ಅನ್ನಿಸಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಎಡಗಡೆಯಿಂದ ಶುರು. ಬೆಣ್ಣೆ ಮುಟ್ಟುವ ಹಾಗೆ ಒಂದೊಂದೇ ಕೀ. ಮಧ್ಯದ ಹತ್ತಿರ ಬಂದಾಗ ಒಂದು ಕೀ ಇದ್ದಕ್ಕಿದ್ದ ಹಾಗೆ ಕಿರುಚಿತು. ಅಮ್ಮ ಬೆರಳು ತೆಗೆದಳು. ಮತ್ತೆ ಇನ್ನೂ ಮೆತ್ತಗೆ ಒತ್ತಿದಳು. ಮತ್ತೆ ಅದೇ ಕಿರುಚು. ಅಕ್ಕಪಕ್ಕದ ಕೀಗಳೆಲ್ಲ ಪಿಸುಗುಡುತ್ತಿದ್ದರೆ ಅದೊಂದೇ ಕೂಗುತ್ತಿತ್ತು.

"ಈ ಬಿಳಿ ನಾಲ್ಕು ಯಾಕೆ ಹೀಗಾಡುತ್ತೆ?" ಅಂತ ಕೇಳಿದಳು. ಹಾರ್ಮೋನಿಯಂನವರ ಲೆಕ್ಕ ಅದು. ಬಿಳಿ ಒಂದು, ಕಪ್ಪು ಒಂದು ಅಂತ ಎಣಿಸುತ್ತಾರೆ. ಪಿಯಾನೋದವರು ಎಫ್ ಅನ್ನುವುದೇ ನಮ್ಮ ಬಿಳಿ ನಾಲ್ಕು.

ಡಿಜಿಟಲ್ ಪಿಯಾನೋದಲ್ಲಿ ತಂತಿ ಇಲ್ಲ. ಪ್ರತಿ ಕೀಯ ಕೆಳಗೂ ಪುಟ್ಟ ರಬ್ಬರ್ ಗುಳ್ಳೆಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ತಾಗುತ್ತೆ, ಆಮೇಲೆ ಇನ್ನೊಂದು. ಎರಡರ ನಡುವೆ ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಸದ್ದು ಜೋರಾಗಬೇಕೋ ಮೆತ್ತಗಿರಬೇಕೋ ಅಂತ ಯಂತ್ರ ಲೆಕ್ಕ ಹಾಕುತ್ತೆ. ಅಲ್ಲಿ ದೂಳು ಕೂತರೆ, ರಬ್ಬರ್ ಸವೆದರೆ ಲೆಕ್ಕ ತಪ್ಪುತ್ತೆ. ಜೋರಾಗಿ ನುಡಿಸಿದರೆ ಈ ದೋಷ ಕಿವಿಗೆ ಬೀಳುವುದೇ ಇಲ್ಲ, ಎಲ್ಲ ಕೀಗಳೂ ಜೋರಾಗೇ ಇರುತ್ತವಲ್ಲ! ಮಾರುವವರಿಗೂ ಗೊತ್ತಿರಲಿಲ್ಲ ಅಂತ ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಬಿಚ್ಚಿ ಶುಚಿ ಮಾಡಿದರೆ ಬಹಳ ಸಲ ಸರಿಹೋಗುತ್ತೆ. ಆದರೆ ಬಿಚ್ಚುವವರು ಪಳಗಿದವರಾಗಿರಬೇಕು. ಅಂಥವರನ್ನು ಎಲ್ಲಿ ಹುಡುಕೋದು? ಕೈಮುಗಿದು ಹೊರಟೆವು.

ಎರಡನೆಯದು ಜೆ.ಪಿ. ನಗರದ ಮೂರನೇ ಮಹಡಿಯಲ್ಲಿ. ಓದಲು ಜರ್ಮನಿಗೆ ಹೊರಟಿದ್ದ ಹುಡುಗಿ ತನ್ನ ಯಮಹಾ ಪಿ-45 ಮಾರುತ್ತಿದ್ದಳು. ಪಿ-45 ಅಂದರೆ 2015ರಲ್ಲಿ ಬಂದದ್ದು, ಪಿ-145 ಬರುವವರೆಗೂ ಹೊಸಬರು ತುಂಬಾ ಕೊಳ್ಳುತ್ತಿದ್ದ ಪಿಯಾನೋ. ಇದರ ಒಂದು ಮೂಲೆ ಜಜ್ಜಿತ್ತು. ಮೇಲೆ ಸ್ಟಿಕರ್ ಕಿತ್ತ ಗುರುತುಗಳಿದ್ದವು. ಇರುವುದು ಆನ್ ಮಾಡುವ ಬಟನ್, ವಾಲ್ಯೂಮ್ ಮತ್ತು ಇನ್ನೊಂದು ಬಟನ್, ಅಷ್ಟೇ. ಅಮ್ಮನಿಗೆ ಅದೇ ಇಷ್ಟವಾಯಿತು.

ಪೆಡಲ್ ಸಿಕ್ಕಿಸಿ ಆನ್ ಮಾಡಿದ ಕೂಡಲೇ ಒಂದು ಎಡವಟ್ಟು. ಅಮ್ಮ ಕೀಯಿಂದ ಬೆರಳು ಎತ್ತಿದರೂ ಸದ್ದು ನಿಲ್ಲುತ್ತಿಲ್ಲ. ಪೆಡಲ್ ತುಳಿದರೆ ನಿಲ್ಲುತ್ತೆ! ತುಳಿದಾಗ ಸದ್ದು ಉಳಿಯಬೇಕು, ಕಾಲು ತೆಗೆದಾಗ ನಿಲ್ಲಬೇಕು. ಇಲ್ಲಿ ಎಲ್ಲ ಉಲ್ಟಾ. ಇದೂ ಕೆಟ್ಟಿದೆ ಅಂತ ನನ್ನ ಎದೆ ಧಸಕ್ ಅಂದಿತು. ಹುಡುಗಿ ನಕ್ಕು, "ಆಂಟಿ, ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಟ್ಟಿದ್ರಿ. ತೆಗೀರಿ, ಆಫ್ ಮಾಡಿ ಆನ್ ಮಾಡೋಣ" ಅಂದಳು. ಹಾಗೇ ಮಾಡಿದ ಮೇಲೆ ಸರಿಹೋಯಿತು. ಆನ್ ಆಗುವ ಹೊತ್ತಿನಲ್ಲಿ ಕಾಲು ಹೇಗಿರುತ್ತೋ ಅದನ್ನೇ ಯಂತ್ರ ತುಳಿಯದ ಸ್ಥಿತಿ ಅಂದುಕೊಳ್ಳುತ್ತಂತೆ.

ಮತ್ತೆ ಅದೇ ಪರೀಕ್ಷೆ. 52 ಬಿಳಿ, 36 ಕಪ್ಪು. ಒಂದೂ ಕಿರುಚಲಿಲ್ಲ. ಎಡತುದಿಯಲ್ಲಿ ಕೀಗಳು ಸ್ವಲ್ಪ ಭಾರ, ಬಲಕ್ಕೆ ಹೋಗುತ್ತಾ ಹಗುರ, ನಿಜವಾದ ಪಿಯಾನೋದಲ್ಲಿ ಇರುವ ಹಾಗೇ. ಆಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ ಬರೀ ಕೀಗಳ ಸದ್ದು ಕೇಳಿದೆವು. ಟಕ್, ಟಕ್, ಟಕ್, ಎಲ್ಲ ಒಂದೇ ಸಮ. ಒಳಗಿನ ಮೆತ್ತೆ ಸವೆದಿದ್ದರೆ ಕೆಲವು ಕೀಗಳು ಮಾತ್ರ ಜೋರಾಗಿ ಕುಟ್ಟುತ್ತವೆ. ಹೆಡ್‌ಫೋನ್ ಹಾಕಿ ವೈರ್ ಅಲುಗಾಡಿಸಿದೆ, ಕರಕರ ಅನ್ನಲಿಲ್ಲ. ಅಡಾಪ್ಟರ್ ಪಿಯಾನೋ ಜೊತೆಗೇ ಬಂದದ್ದು.

ಹುಡುಗಿ 22 ಸಾವಿರ ಹೇಳಿದ್ದಳು. ನಾನು ಚೌಕಾಸಿ ಮಾಡಲು ಬಾಯಿ ತೆರೆದೆ. ಅಮ್ಮ ಕೈ ಹಿಡಿದು ತಡೆದಳು. "ಚೆನ್ನಾಗಿ ನೋಡಿಕೊಂಡಿದ್ದೀಯಮ್ಮ" ಅಂತ ಹೇಳಿ ಪೂರ್ತಿ ದುಡ್ಡು ಕೊಟ್ಟಳು. ಸ್ಟ್ಯಾಂಡ್ ಕೂಡ ಅದರಲ್ಲೇ ಬಂತು. ಹುಡುಗಿ ಕೊನೇ ಸಲ ಒಂದು ನಿಮಿಷ ಏನೋ ನುಡಿಸಿದಳು. ನಾವಿಬ್ಬರೂ ಸುಮ್ನೆ ನಿಂತಿದ್ದೆವು.

ತೂಕ 11 ಕಿಲೋ ಚಿಲ್ಲರೆ, ಇಬ್ಬರು ಹೆಂಗಸರು ಮೂರು ಮಹಡಿ ಇಳಿಸಬಹುದಾದಷ್ಟು. ಉದ್ದ ಮಾತ್ರ ನಾಲ್ಕು ಅಡಿಯ ಮೇಲಿದೆ. ಕಾರಿನ ಹಿಂದಿನ ಸೀಟು ಮಡಚಿ, ಹಳೇ ಕಂಬಳಿ ಸುತ್ತಿ ಓರೆಯಾಗಿ ಮಲಗಿಸಿದೆವು. ಮೈಸೂರು ಬರುವವರೆಗೂ ಅಮ್ಮ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು. ಉಳಿದ 8 ಸಾವಿರದಲ್ಲಿ ಒಂದು ಬೆಂಚು, ಒಂದು ಹೆಡ್‌ಫೋನ್ ಬಂದವು. ಇನ್ನು ಉಳಿದದ್ದು ಪಾಠದ ಫೀಸಿಗೆ.

ಮೊದಲ ವಾರ ಬಲಗೈ ಸರಾಗವಾಗಿ ಓಡಿತು. ಎಡಗೈಗೆ ಮಾತ್ರ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಐವತ್ತು ವರ್ಷ ತಿದಿ ಒತ್ತಿದ ಕೈ ಅದು. ಬಲಗೈ ನುಡಿಸುತ್ತಿದ್ದರೆ ಎಡಗೈ ತೊಡೆಯ ಮೇಲೆ ತಾನಾಗೇ ಮೆಲ್ಲಗೆ ಹಿಂದೆ ಮುಂದೆ ಆಡುತ್ತಿತ್ತು, ಇಲ್ಲದ ತಿದಿಗೆ ಗಾಳಿ ಹಾಕುವ ಹಾಗೆ. ಟೀಚರ್ ಆ ಕೈ ಹಿಡಿದು ಎಡಗಡೆಯ ಒಂದೇ ಒಂದು ಕೀ ಮೇಲೆ ಇಟ್ಟರು. ನಾಲ್ಕು ಎಣಿಕೆಗೆ ಒಂದು ಸಲ ಒತ್ತಿದರೆ ಸಾಕು ಅಂದರು.

ರಾತ್ರಿ ಊಟವಾದ ಮೇಲೆ ಅಮ್ಮ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಅವಳಿಗೆ ಪಿಯಾನೋ ಕೇಳಿಸುತ್ತೆ, ಪಕ್ಕದ ಕೋಣೆಯಲ್ಲಿರುವ ನನಗೆ ಬರೀ ಟಕ್ ಟಕ್. ಬಲಗೈದು ನಾಲ್ಕು ಟಕ್. ಎಡಗೈದು ಒಂದು, ಸ್ವಲ್ಪ ತಡವಾಗಿ. ನಿಲ್ಲುತ್ತೆ. ಮತ್ತೆ ಮೊದಲಿನಿಂದ.